ಚಕ್ರದ ಗೂಡಿಗೆ ದಯಮಾಡಿಸುವ ಬೇಬಿ ಜಲ್ಲಿಯವರ ಸನ್ನಿಧಿಗೆ

ಮಾನ್ಯ ಬೇಬಿ ಜಲ್ಲಿಯವರಿಗೆ,

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ, ಅಲ್ಲಿಂದ ಆನವಟ್ಟಿ, ಉಳವಿ, ಚಂದ್ರಗುತ್ತಿಗಳ ಕಡೆಗೆ ಕವಲೊಡೆಯುವ ರಸ್ತೆಗಳಲ್ಲಿ ಡಾಂಬರಿನ ಕೈ ಬಿಟ್ಟು, ಅಂಚಿನಲ್ಲೂ ತಿರುವಿನಲ್ಲೂ ಮೋರಿಯ ಆಚೀಚೆಗೂ ಬಿಡಾರ ಹೂಡಿರುವ ಸಣ್ಣ ಜಲ್ಲಿಕಲ್ಲುಗಳಾದ ತಮಗೆ, ಅದೇ ರಸ್ತೆಗಳಲ್ಲಿ ಕಾರು ಓಡಿಸುವವನೊಬ್ಬನ ಗೌರವಪೂರ್ವಕ ನಮಸ್ಕಾರಗಳು.

ವಿಷಯ: ತಾವು ಮಡ್‌ಗಾರ್ಡಿನ ಒಳಗೆ ಬಂದು ಬಡಿಯುವುದನ್ನು ಕಡಿಮೆ ಮಾಡುವ ಕುರಿತು.

ಮಾನ್ಯರೇ, ಮೊದಲು ತಮ್ಮ ಉಪಕಾರವನ್ನು ನೆನೆಯುತ್ತೇನೆ. ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ಇನ್ನೂ ರೈಲು ಬಂದಿಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗಬೇಕಾದ ಹಳಿಯ ಕೆಲಸ ನಡೆದಿದೆ. ಅದು ಮುಗಿದರೂ ಸೊರಬ ಅದರ ದಾರಿಯಲ್ಲಿಲ್ಲ. ಹಾಗಾಗಿ ನಮಗಿರುವುದು ರಸ್ತೆ ಒಂದೇ. ನಮ್ಮ ಮೆಕ್ಕೆಜೋಳ, ಭತ್ತ, ಶುಂಠಿ, ಅಡಿಕೆ ಎಲ್ಲವೂ ತಮ್ಮ ಬೆನ್ನ ಮೇಲೆಯೇ ಮಂಡಿ ಸೇರುತ್ತವೆ. ಹೆರಿಗೆ ನೋವು ಬಂದವರು, ಡಯಾಲಿಸಿಸ್‌ಗೆ ಹೋಗುವವರು, ಕಾಲೇಜಿಗೆ ಬಸ್ಸು ಹಿಡಿಯುವ ಮಕ್ಕಳು, ಎಲ್ಲರೂ ತಮ್ಮನ್ನು ನಂಬಿಯೇ ಮನೆ ಬಿಡುತ್ತಾರೆ. ತಾವು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೀರಿ ಎಂಬುದಕ್ಕೇ ಅದು ರಸ್ತೆ. ಇಲ್ಲದಿದ್ದರೆ ಕೆಂಪು ಮಣ್ಣಿನ ಹಾದಿ. ಈ ಋಣವನ್ನು ನಾನು ಮರೆತವನಲ್ಲ. ಮರೆಯದ ಕಾರಣಕ್ಕೇ ಇಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ.

ತಮ್ಮ ಕುಲವೂ ಸಾಮಾನ್ಯದ್ದಲ್ಲ. ಕಲ್ಲಿನಿಂದ ಹೆಸರಾದ ಸೀಮೆ ನಮ್ಮದು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜ ಕವಿಯ ಶಾಸನವಿದೆ. ಮಯೂರಶರ್ಮನ ಕಥೆಯನ್ನು ನಾವು ಓದುವುದೇ ಅದರಿಂದ. 5ನೇ ಶತಮಾನದ ಆ ಕಂಬ ಇಂದಿಗೂ ನಿಂತಿದೆ. ಬಳ್ಳಿಗಾವೆಯ ಕೇದಾರೇಶ್ವರದಲ್ಲಿ ಬಳಪದ ಕಲ್ಲು ಎಣ್ಣೆ ಹಚ್ಚಿದ ಹಾಗೆ ಈಗಲೂ ಮಿರುಗುತ್ತದೆ. ಕುಬಟೂರಿನ ಕೈಟಭೇಶ್ವರನ ಕಂಬಗಳಲ್ಲಿ ನಮ್ಮ ಮುಖ ಕಾಣುವಷ್ಟು ನುಣುಪಿದೆ. ಸೊರಬದ ಹಳ್ಳಿಗಳ ಊರಬಾಗಿಲಲ್ಲಿ, ಕೆರೆ ಏರಿಯಲ್ಲಿ, ತೋಟದ ಬದುವಿನಲ್ಲಿ ವೀರಗಲ್ಲುಗಳಿವೆ. ದನ ಬಿಡಿಸಲು ಹೋಗಿ ಸತ್ತವನ, ಊರಿಗಾಗಿ ಕಾದಿ ಸತ್ತವನ ನೆನಪನ್ನು ಹೊತ್ತು ಮಳೆಗೂ ಬಿಸಿಲಿಗೂ ಅಲುಗದೆ ನಿಂತಿವೆ. ಇವರೆಲ್ಲರೂ ತಮ್ಮ ಬಂಧುಗಳು. ತಾವು ಮಾತ್ರ ಒಂದು ಮಳೆಗಾಲಕ್ಕೇ ಜಾಗ ಬಿಟ್ಟು ಏಳುತ್ತೀರಿ. ತಮ್ಮ ಮೇಲಿನ ನನ್ನ ಮೊದಲ ದೂರು ಇದು. ಉಳಿದ ದೂರುಗಳೆಲ್ಲ ಇದರ ಮಕ್ಕಳು.

ತಾವು ಬಂದು ಬಡಿಯುವ ಬಗೆಯನ್ನು ತಮಗೇ ವಿವರಿಸುವುದು ಉದ್ಧಟತನವಾದೀತು. ಆದರೂ ಕಾರಿನ ಒಳಗೆ ಅದು ಹೇಗೆ ಕೇಳುತ್ತದೆ ಎಂಬುದು ಹೊರಗಿರುವ ತಮಗೆ ಗೊತ್ತಿರಲಾರದು. ನಮ್ಮ ಅತ್ತೆಯವರಿಗೆ ಶಿವಮೊಗ್ಗದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ತಲೆ ಅಲುಗಾಡಿಸಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹಿಂದಿನ ಸೀಟಿನ ಎಡ ಮೂಲೆಯಲ್ಲಿ ದಿಂಬು ಇಟ್ಟು ಕೂರಿಸಿದ್ದೆವು. ಶಿರಾಳಕೊಪ್ಪ ದಾಟಿ, ಹೊಸದಾಗಿ ತೇಪೆ ಹಾಕಿದ ಒಂದು ತುಂಡು ರಸ್ತೆಗೆ ಬಂದದ್ದೇ ತಡ, ತಾವು ಸಪರಿವಾರ ಮೇಲೆದ್ದಿರಿ. ಮೊದಲು ಚಟಪಟ ಎಂದು ಸಣ್ಣದಾಗಿ, ಆಮೇಲೆ ಠಣ್ ಠಣ್ ಎಂದು. ಪ್ರತಿ ಪೆಟ್ಟಿಗೂ ಅವರ ಹೆಗಲು ಬೆಚ್ಚಿ ಮೇಲಕ್ಕೇಳುತ್ತಿತ್ತು. "ಏನಪ್ಪಾ ಅದು, ಟೈರ್ ಒಡೀತಾ?" ಎಂದು ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದುಕೊಂಡರು. ಇಲ್ಲ ಅತ್ತೆ, ಕಲ್ಲು ಅಷ್ಟೇ, ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅಷ್ಟು ಸಣ್ಣ ಕಲ್ಲಿಗೆ ಅಷ್ಟು ದೊಡ್ಡ ಸದ್ದು ಇರಬಹುದೆಂದು ಯಾರು ನಂಬುತ್ತಾರೆ? ಹಿಂದಿನ ಚಕ್ರದ ಗೂಡು ಸೀಟಿನ ಬಗಲಲ್ಲೇ ಒಳಕ್ಕೆ ಉಬ್ಬಿರುತ್ತದೆ. ಮುದುಕರು, ಮಕ್ಕಳು, ಕಾಯಿಲೆಯವರು ಒರಗಿಕೊಳ್ಳಲೆಂದು ನಾವು ಕೊಡುವ ಮೂಲೆ ಅದೇ. ತಾವು ಬಡಿಯಲು ಆರಿಸಿಕೊಂಡಿರುವುದೂ ಅದೇ ಮೂಲೆ.

ತಮ್ಮ ಗಾತ್ರ 6ರಿಂದ 12 ಮಿಲಿಮೀಟರ್. ಹತ್ತು ಮಿಲಿಮೀಟರಿನ ಒಬ್ಬರನ್ನು ತಕ್ಕಡಿಯಲ್ಲಿಟ್ಟರೆ ಒಂದೂವರೆ ಗ್ರಾಂ ಆಸುಪಾಸು. ಟೈರಿನ ಗೀರುಗಳ ಸಂದಿಯಲ್ಲಿ ಸಿಕ್ಕಿಕೊಂಡು, ಅಥವಾ ಡಾಂಬರು ಅಂಟಿದ ಮೈಯಿಂದ ಟೈರಿಗೆ ಮೆತ್ತಿಕೊಂಡು ತಾವು ಮೇಲಕ್ಕೆ ಬರುತ್ತೀರಿ. ಚಕ್ರ ತಿರುಗುವ ರಭಸಕ್ಕೆ ಹಿಡಿತ ತಪ್ಪಿ, ಹೆಚ್ಚುಕಡಿಮೆ ಕಾರಿನ ವೇಗದಲ್ಲೇ ಗೂಡಿನ ಒಳಮೈಗೆ ಹಾರುತ್ತೀರಿ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಇದ್ದದ್ದು 60ಕ್ಕೆ ಎರಡೂಕಾಲು ಪಟ್ಟು, 80ಕ್ಕೆ ನಾಲ್ಕು ಪಟ್ಟು. ಆದ್ದರಿಂದ ತಮ್ಮನ್ನು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೇ ತಮಗೆ ಸಲ್ಲಿಸಬಹುದಾದ ಮೊದಲ ಮರ್ಯಾದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಾನು ತಪ್ಪದೆ ಸಲ್ಲಿಸುತ್ತಿದ್ದೇನೆ. ಹಿಂದಿನಿಂದ ಹಾರ್ನ್ ಹಾಕುವ ಟಿಪ್ಪರಿನವರಿಗೂ ಈ ಮರ್ಯಾದೆ ಕಲಿಸುವ ಶಕ್ತಿ ತಮಗಿದ್ದರೆ ದಯವಿಟ್ಟು ಕಲಿಸಬೇಕು.

ತಮ್ಮ ಸದ್ದಿನ ಗುಟ್ಟನ್ನು ನನಗೆ ಬಿಡಿಸಿ ಹೇಳಿದವರು ಶಿರಾಳಕೊಪ್ಪದ ಒಬ್ಬ ಮೆಕ್ಯಾನಿಕ್. ಮೊಣಕಾಲೂರಿ ಕೂತು ಗೂಡಿನೊಳಗೆ ಕೈ ಹಾಕಿ, ಬೆರಳ ಗೆಣ್ಣಿನಿಂದ ಎರಡು ಕಡೆ ಬಡಿದು ನೋಡಿದರು. ಒಂದು ಕಡೆ ದಬ್ ಎಂದಿತು, ಇನ್ನೊಂದು ಕಡೆ ಠಣ್ ಎಂದು ಕೂಗಿತು. "ಸಾರ್, ಕಲ್ಲೇನೂ ಕೂಗಲ್ಲ. ಕೂಗೋದು ತಗಡು," ಎಂದರು. ಆ ಒಂದು ಮಾತಿನಲ್ಲಿ ಇಡೀ ವಿದ್ಯೆ ಇದೆ. ಗೂಡಿನ ತಗಡು ಒಂದು ಮಿಲಿಮೀಟರಿಗಿಂತ ತೆಳು, ಅಗಲವಾಗಿ ಬಾಗಿದ್ದು, ಹಿಂದೆ ಪೊಳ್ಳು. ತಾವು ಬಡಿಯುವುದು ಕ್ಷಣಮಾತ್ರ. ಆಮೇಲೆ ಅದು ತಾನೇ ನಡುಗುತ್ತಾ ಸದ್ದು ಮಾಡುತ್ತದೆ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದು ಗುಂಯ್ಗುಡುವಾಗ ಅಂಗೈ ಒತ್ತಿದರೆ ಸದ್ದು ಸಾಯುತ್ತದಲ್ಲ, ಇಲ್ಲಿ ಮಾಡಬೇಕಾದದ್ದೂ ಅಷ್ಟೇ: ತಗಡಿನ ಮೇಲೆ ಶಾಶ್ವತವಾಗಿ ಒಂದು ಅಂಗೈ ಇಡುವುದು.

ಅವರು ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಲೈನರನ್ನು ಕ್ಲಿಪ್ಪು ಕಿತ್ತು ಕೆಳಗಿಳಿಸಿದಾಗ ತಮ್ಮ ಠಿಕಾಣಿಯ ದರ್ಶನವಾಯಿತು. ಲೈನರಿನ ಹಿಂದೆ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ತಾವು ಅಲ್ಲಲ್ಲಿ ಹುದುಗಿದ್ದಿರಿ, ಜೊತೆಗೆ ಒಣಗಿದ ಭತ್ತದ ಹುಲ್ಲು, ಒಂದೆರಡು ಜೋಳದ ಕಾಳು. ನೀರು ಇಳಿದು ಹೋಗಬೇಕಾದ ಸಣ್ಣ ರಂಧ್ರ ಮುಚ್ಚಿಹೋಗಿತ್ತು. ಹಿಂದಿನ ಗೂಡಿಗೆ ಅರ್ಧ ಭಾಗಕ್ಕೆ ಮಾತ್ರ ಲೈನರು. ಉಳಿದದ್ದು ಬರೀ ಬಣ್ಣ ಬಳಿದ ತಗಡು. ಆ ಬಣ್ಣದ ಮೇಲೆ ಸಾಸಿವೆ ಗಾತ್ರದ ಚುಕ್ಕಿಗಳು ನೂರಾರು. ಪ್ರತಿ ಚುಕ್ಕಿಯ ನಡುವೆ ಬೆಳ್ಳನೆಯ ಲೋಹ, ಹಳೆಯ ಚುಕ್ಕಿಗಳ ಸುತ್ತ ಕಂದು ಬಣ್ಣದ ತುಕ್ಕು. ಪ್ರತಿ ಭೇಟಿಗೂ ತಾವು ತಪ್ಪದೆ ಸಹಿ ಹಾಕಿ ಹೋಗಿದ್ದೀರಿ. ನಮ್ಮ ಮಲೆನಾಡಿನ ಸೆರಗಿನ ಮಳೆಯಲ್ಲಿ ಆ ಸಹಿಗಳು ತೂತುಗಳಾಗಲು ಬಹಳ ವರ್ಷ ಬೇಕಿಲ್ಲ.

ಕಾರು ತಯಾರಿಸುವವರು ತಮ್ಮನ್ನು ಅರಿಯದವರಲ್ಲ. ಬಣ್ಣ ಬಳಿದ ತಗಡಿನ ಮೇಲೆ ಗಾಳಿಯ ಒತ್ತಡದಿಂದ ಅಳತೆ ಮಾಡಿದ ಜಲ್ಲಿಯನ್ನು ಎರಚಿ, ಎಷ್ಟು ಚಕ್ಕೆ ಎದ್ದಿತು ಎಂದು ನೋಡುವ ಪರೀಕ್ಷೆಯೇ ಇದೆ. ಎಸ್‌ಎಇ ಜೆ400 ಎಂದು ಅದರ ಹೆಸರು. ಬಣ್ಣ ತಡೆಯಿತೇ ಎಂದು ಅಲ್ಲಿ ನೋಡುತ್ತಾರೆ. ಹಿಂದಿನ ಸೀಟಿನ ಮೂಲೆಯಲ್ಲಿ ಕೂತವರ ಎದೆ ಹಾರಿತೇ ಎಂದು ನೋಡುವ ಪರೀಕ್ಷೆ ಅದಲ್ಲ. ದುಬಾರಿ ಕಾರುಗಳಲ್ಲಿ ಪ್ಲಾಸ್ಟಿಕ್ಕಿನ ಬದಲು ಒತ್ತಿ ಮಾಡಿದ ಉಣ್ಣೆಯಂಥ ನಾರಿನ ಲೈನರು ಬರುತ್ತದೆ. ತಾವು ಬಿದ್ದರೆ ಅದು ಪೆಟ್ಟನ್ನೂ ನುಂಗುತ್ತದೆ, ಸದ್ದನ್ನೂ ನುಂಗುತ್ತದೆ. ನಾಲ್ಕೂ ಗೂಡಿಗೆ ಪೂರ್ತಿ ಲೈನರು ಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಹಳ್ಳಿಯ ರಸ್ತೆಯಲ್ಲಿ ಓಡುವುದು ಹೆಚ್ಚಾಗಿ ಅಗ್ಗದ ಕಾರುಗಳೇ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಇಲ್ಲ ಎಂಬುದು ನನಗೆ ನೋವಿನ ವಿಷಯ. ಇದರಲ್ಲಿ ತಮ್ಮ ತಪ್ಪಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಕಂಪನಿ ಕೊಡದ್ದನ್ನು ನಾವೇ ಮಾಡಿಸಿಕೊಳ್ಳಬೇಕಾಯಿತು. ತಮ್ಮ ಬರವಿಗೆಂದು ಮಾಡಿದ ಸಿದ್ಧತೆಗಳನ್ನು ವಿನಯದಿಂದ ನಿವೇದಿಸುತ್ತೇನೆ. ಈ ಸೀಮೆಯ ಬೇರೆ ಕಾರಿನವರಿಗೂ ಉಪಯೋಗವಾಗಲಿ. ಮೊದಲು ವಾಟರ್ ಸರ್ವಿಸ್‌ನವರು ಗೂಡನ್ನು ಒತ್ತಡದ ನೀರಿನಲ್ಲಿ ತೊಳೆದು ಮಣ್ಣೆಲ್ಲ ತೆಗೆದರು. ನೀರಿನ ರಂಧ್ರಗಳನ್ನು ತಂತಿ ಹಾಕಿ ಬಿಡಿಸಿದರು. ಒಂದಿಡೀ ದಿನ ಬಿಸಿಲಿಗೆ ಬಿಟ್ಟು ಒಣಗಿಸಿದೆವು. ಮೆಕ್ಯಾನಿಕ್ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದರು. ತುಕ್ಕಿನ ಮೇಲೆ ನೇರವಾಗಿ ಏನು ಬಳಿದರೂ ಅದು ತುಕ್ಕನ್ನು ಮುಚ್ಚಿಟ್ಟು ಬೆಳೆಸಿದಂತೆ.

ಆಮೇಲೆ ಅಂಗೈ ಇಡುವ ಕೆಲಸ. ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಅಂಟುಅಂಟಾದ ಬ್ಯುಟೈಲ್ ರಬ್ಬರ್ ಇರುವ ಡ್ಯಾಂಪಿಂಗ್ ಶೀಟು ಈಗ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ತಗಡು ನಡುಗಿದಾಗ ರಬ್ಬರು ಹಿಗ್ಗಿ ಕುಗ್ಗಿ ಆ ನಡುಕವನ್ನು ಒಂದಿಷ್ಟು ಶಾಖವಾಗಿ ಕರಗಿಸಿಬಿಡುತ್ತದೆ. ಇಡೀ ತಗಡನ್ನು ಮುಚ್ಚಬೇಕಿಲ್ಲ. ಬೆರಳಿನಿಂದ ಬಡಿದು, ಎಲ್ಲಿ ಹೆಚ್ಚು ಕೂಗುತ್ತದೋ ಆ ಅಗಲವಾದ ಚಪ್ಪಟೆ ಜಾಗಗಳಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಅಂಟಿಸಿದರೆ ಸಾಕು. ಎಣ್ಣೆ ಜಿಡ್ಡು ಇಲ್ಲದಂತೆ ಒರೆಸಿ, ಸಣ್ಣ ರೋಲರಿನಿಂದ ಗಾಳಿ ಉಳಿಯದಂತೆ ಒತ್ತಬೇಕು. ಹಿಂದಿನ ಗೂಡಿಗೆ ಇದನ್ನು ಕಾರಿನ ಒಳಗಿನಿಂದ, ಡಿಕ್ಕಿಯ ಪಕ್ಕದ ಹೊದಿಕೆ ಬಿಚ್ಚಿ ಅಂಟಿಸಿದೆವು. ಅಲ್ಲಿ ನೀರೂ ಇಲ್ಲ, ತಾವೂ ಇಲ್ಲ, ಬಾಳಿಕೆ ಹೆಚ್ಚು. ಪ್ಲಾಸ್ಟಿಕ್ ಲೈನರಿಗಾದರೆ ಟೈರಿಗೆ ಬೆನ್ನು ಮಾಡಿದ ಬದಿಗೆ ಅಂಟಿಸಬೇಕು. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ನಾಲ್ಕು ಜನ ಕೂತು ನೋಡಿ, ಟೈರು ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಗಾಡಿ ಹೊರಗೆ ತೆಗೆಯಬಾರದು.

ತಮಗೆ ಎದುರಾಗಿ ನಿಲ್ಲುವ ಹೊರಮೈಗೆ ರಬ್ಬರಿನ ಅಂಡರ್‌ಬಾಡಿ ಕೋಟಿಂಗ್. ಒಮ್ಮೆಗೇ ದಪ್ಪವಾಗಿ ಸುರಿದರೆ ಒಳಗೆ ಹಸಿ ಉಳಿದು ಸಿಪ್ಪೆ ಎದ್ದುಬರುತ್ತದೆ. ತೆಳುವಾಗಿ ಒಂದು ಸಲ ಹೊಡೆದು, ಒಣಗಲು ಬಿಟ್ಟು, ಮತ್ತೆ ಹೊಡೆಯಬೇಕು. ಬ್ರೇಕ್ ಡಿಸ್ಕು, ಕ್ಯಾಲಿಪರು, ಶಾಕ್ ಅಬ್ಸಾರ್ಬರಿನ ದಂಡ, ಎಬಿಎಸ್ ವೈರು, ರಬ್ಬರ್ ಬುಷ್ಷುಗಳು, ನೀರಿನ ರಂಧ್ರಗಳು ಇವಕ್ಕೆ ಪೇಪರು ಸುತ್ತಿ ಟೇಪು ಹಾಕದೆ ಸ್ಪ್ರೇ ಹಿಡಿಯಲು ಯಾರಿಗೂ ಬಿಡಬೇಡಿ. ಅವಸರದ ಕೆಲಸದಲ್ಲಿ ಮೊದಲು ತಪ್ಪುವುದು ಇದೇ, ಮತ್ತು ಬ್ರೇಕಿನ ವಿಷಯದಲ್ಲಿ ಅಂಥ ತಪ್ಪಿಗೆ ಕ್ಷಮೆಯಿಲ್ಲ. ಸದ್ದು ನಿಲ್ಲಲೆಂದು ಕೆಲವರು ಲೈನರಿನ ಹಿಂದೆ ಸ್ಪಂಜು ತುರುಕುತ್ತಾರೆ. ಬಯಲುಸೀಮೆಯಲ್ಲಿ ಏನಾಗುತ್ತದೋ, ನಮ್ಮಲ್ಲಿ ಅದು ಜೂನ್‌ನಲ್ಲಿ ಕುಡಿದ ನೀರನ್ನು ಅಕ್ಟೋಬರಿನವರೆಗೂ ತಗಡಿನ ಮೈಗೆ ಒತ್ತಿ ಹಿಡಿದಿರುತ್ತದೆ. ಫೋಮು ಹಾಕುವುದೇ ಆದರೆ ನೀರು ಹೀರದ, ಮುಚ್ಚಿದ ಗುಳ್ಳೆಗಳ ಫೋಮೇ ಆಗಬೇಕು. ಇಷ್ಟೆಲ್ಲವನ್ನೂ ಮಾಡಿಸಲು ಸರಿಯಾದ ಹೊತ್ತು ಶಿವರಾತ್ರಿ ಕಳೆದು ಮುಂಗಾರು ಬರುವ ಮುಂಚೆ. ಮಳೆ ಹಿಡಿದ ಮೇಲೆ ಗೂಡು ಒಣಗುವುದೇ ಇಲ್ಲ. ನಾಲ್ಕೂ ಚಕ್ರಕ್ಕೆ ಮಡ್ ಫ್ಲಾಪ್ ಹಾಕಿಸಿದ್ದು ನನಗಿಂತ ಹೆಚ್ಚಾಗಿ ನನ್ನ ಹಿಂದೆ ಬೈಕಿನಲ್ಲಿ ಬರುವವರಿಗಾಗಿ.

ಫಲ ಸಿಕ್ಕಿತು. ಸದ್ದು ಇಲ್ಲವಾಗಲಿಲ್ಲ, ಮಿದುವಾಯಿತು. ಠಣ್ ಎನ್ನುತ್ತಿದ್ದದ್ದು ದಬ್ ಎನ್ನುತ್ತದೆ. ಸದ್ದು 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಅದು ಅರ್ಧಕ್ಕೆ ಇಳಿದಂತೆ ಕೇಳುತ್ತದೆ ಎನ್ನುತ್ತಾರೆ. ನನ್ನ ಬಳಿ ಅಳೆಯುವ ಯಂತ್ರವಿಲ್ಲ, ಆದರೆ ಅತ್ತೆಯವರು ಈಗ ಆ ಮೂಲೆಯಲ್ಲಿ ಒರಗಿ ನಿದ್ದೆ ಮಾಡುತ್ತಾರೆ.

ಇಲ್ಲಿಗೆ ನನ್ನ ಅಹವಾಲು ಮುಗಿಯಿತೆಂದು ತಾವು ತಿಳಿಯಬಾರದು. ಗೂಡನ್ನು ಸುಮ್ಮನಾಗಿಸಿದ ಮೇಲೆಯೇ ನನಗೆ ದೊಡ್ಡ ಪ್ರಶ್ನೆ ಎದುರಾಯಿತು. ತಾವು ನನ್ನ ಮಡ್‌ಗಾರ್ಡಿಗೆ ಬಂದು ಬಡಿಯುತ್ತೀರಿ ಎಂದರೆ ತಾವು ಇರಬೇಕಾದ ಜಾಗದಲ್ಲಿಲ್ಲ ಎಂದರ್ಥ. ಒಂದೊಂದು ಪೆಟ್ಟೂ ರಸ್ತೆಯಿಂದ ಕಿತ್ತುಬಂದ ಒಂದೊಂದು ಕಲ್ಲು. ನಾನು ಕೇಳುತ್ತಿದ್ದದ್ದು ರಸ್ತೆ ಕಳಚಿಕೊಳ್ಳುತ್ತಿರುವ ಸದ್ದು. ಕಿವಿಗೆ ಹತ್ತಿ ಇಟ್ಟುಕೊಂಡರೆ ಕಳಚುವುದು ನಿಲ್ಲುತ್ತದೆಯೇ?

ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ ಎಂಬ ಮಹನೀಯರು ತಮ್ಮ ಪೂರ್ವಿಕರಿಗೆ ರಸ್ತೆಯಲ್ಲಿ ಪಟ್ಟ ಕಟ್ಟಿದವರು. ಚೂಪು ಅಂಚಿನ ಸಣ್ಣ ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡರೆ ಅದೇ ಗಟ್ಟಿ ರಸ್ತೆ. 6 ಔನ್ಸ್ ಮೀರಿದ ಕಲ್ಲು ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ರಸ್ತೆಯಲ್ಲಿ ನೀರು ನಿಲ್ಲಬಾರದು ಎಂಬುದು ಅವರು ಹಾಕಿಕೊಟ್ಟ ಮಾರ್ಗ. ಕಬ್ಬಿಣದ ಪಟ್ಟಿಯ ಗಾಡಿಚಕ್ರ ತಮ್ಮನ್ನು ಒತ್ತಿ ಒತ್ತಿ ಕೂರಿಸುತ್ತಿತ್ತು. ಕಾರಿನ ರಬ್ಬರ್ ಟೈರು ಬಂದು ಸಂದಿಯ ಪುಡಿಯನ್ನೆಲ್ಲ ಹೀರಿ ಹಾರಿಸಿತು. ಅದಕ್ಕೇ ತಮಗೆ ಟಾರಿನ ಅಂಟು ಬೇಕಾಯಿತು. ಎಡ್ಗರ್ ಹೂಲಿ ಎಂಬ ಬ್ರಿಟಿಷ್ ಎಂಜಿನಿಯರ್ ಟಾರ್‌ಮ್ಯಾಕ್‌ಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ನೂರಿಪ್ಪತ್ತು ವರ್ಷದ ಹಿಂದೆ ತಿಳಿದ ವಿಷಯ ಇದು. ಇಂದು ಆನವಟ್ಟಿ ರಸ್ತೆಯಲ್ಲಿ ಗುಂಡಿ ಮುಚ್ಚುವವರಿಗೆ ತಿಳಿಯದ್ದೇನೂ ಅಲ್ಲ.

ತಮ್ಮ ಸ್ವಭಾವವೂ ಒಂದಿಷ್ಟು ಕಾರಣ ಎಂದು ಹೇಳಲು ಅನುಮತಿ ಬೇಡುತ್ತೇನೆ. ಗ್ರಾನೈಟಿನಂಥ, ಬೆಣಚು ಹೆಚ್ಚಿರುವ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆಯೇ ಒಲವು. ಮಳೆನೀರು ಸಂದಿಗೆ ಇಳಿದರೆ ಡಾಂಬರನ್ನು ಸರಿಸಿ ತಮ್ಮ ಮೈಯನ್ನು ಅದೇ ಅಪ್ಪಿಕೊಳ್ಳುತ್ತದೆ. ಇದನ್ನು ಮೊದಲೇ ಪತ್ತೆ ಹಚ್ಚಲು ಸರಳ ಪರೀಕ್ಷೆ ಇದೆ: ಡಾಂಬರು ಸವರಿದ ಜಲ್ಲಿಯನ್ನು 40 ಡಿಗ್ರಿಯ ನೀರಿನಲ್ಲಿ 24 ಗಂಟೆ ಮುಳುಗಿಸಿಟ್ಟು, ಎಷ್ಟು ಭಾಗ ಬರಿದಾಯಿತು ಎಂದು ನೋಡುವುದು. ನೂರಕ್ಕೆ 95 ಭಾಗವಾದರೂ ಅಂಟಿಕೊಂಡಿರಬೇಕು ಎಂದು ರಸ್ತೆ ಕೆಲಸದ ನಿಯಮ. ಅಂಟದಿದ್ದರೆ ಒಂದಿಷ್ಟು ಸುಣ್ಣದ ಪುಡಿ, ಅಥವಾ ಅದಕ್ಕೆಂದೇ ಇರುವ ರಾಸಾಯನಿಕ ಬೆರೆಸಬಹುದು. ಒಂದು ಗಾಜಿನ ಪಾತ್ರೆ, ಒಂದು ದಿನ, ಒಂದು ಹಿಡಿ ಸುಣ್ಣ. ಇಷ್ಟಕ್ಕೆ ಸೋತು ನಾವು ಪ್ರತಿ ದಸರೆಗೂ ಅದೇ ಗುಂಡಿಗೆ ಮತ್ತೆ ತಮ್ಮನ್ನು ಸುರಿಸಿಕೊಳ್ಳುತ್ತೇವೆ.

ಕ್ರಷರಿನಿಂದ ತಾವು ಬರುವಾಗ ಮೈತುಂಬ ಬೂದಿಯಂಥ ಪುಡಿ ಇರುತ್ತದೆ. ಆ ಪುಡಿಯ ಮೇಲೆ ಡಾಂಬರು ಸುರಿದರೆ ಅದು ಪುಡಿಗೆ ಅಂಟುತ್ತದೆ, ತಮಗಲ್ಲ. ಗುಂಡಿಗೆ ತಮ್ಮನ್ನು ತುಂಬಿ, ಮೇಲೊಂದಿಷ್ಟು ಡಾಂಬರು ಚಿಮುಕಿಸಿ, ರೋಲರು ಆಡಿಸದೆ, ಉಳಿದದ್ದನ್ನು ಅಂಚಿಗೆ ಗುಡ್ಡೆ ಹಾಕಿ ಹೊರಟುಹೋಗುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟಿಪ್ಪರುಗಳು ಮೇಲೆ ಟಾರ್ಪಾಲು ಕಟ್ಟದೆ ಏರಿನಲ್ಲಿ ತಮ್ಮನ್ನು ಚೆಲ್ಲುತ್ತಾ ಹೋಗುತ್ತವೆ. ಮೆಕ್ಕೆಜೋಳ ಒಣಗಿಸಲು ಕಣವಿಲ್ಲದ ರೈತರು ರಸ್ತೆಯ ಅರ್ಧಕ್ಕೆ ಕಾಳು ಹರವಿ, ಗಾಡಿ ಹತ್ತದಿರಲೆಂದು ಸಾಲಾಗಿ ಕಲ್ಲು ಇಡುತ್ತಾರೆ. ಕಾಳು ಮನೆಗೆ ಹೋಗುತ್ತದೆ, ಕಲ್ಲುಗಳು ಅಲ್ಲೇ ಉಳಿಯುತ್ತವೆ. ರೈತರನ್ನು ದೂರಲು ನನಗೆ ಬಾಯಿ ಬಾರದು. ಊರಿಗೊಂದು ಕಣ ಮಾಡಿಕೊಟ್ಟರೆ ಯಾರೂ ಬೆಳೆದ ಬೆಳೆಯನ್ನು ಬಸ್ಸಿನ ಚಕ್ರದ ಪಕ್ಕ ಹರವುವುದಿಲ್ಲ.

ಬೇರೆ ದೇಶಗಳಲ್ಲೂ ತಮ್ಮನ್ನು ಹೀಗೆಯೇ ಚೆಲ್ಲಿ ರಸ್ತೆಗೆ ಮೇಲುಹೊದಿಕೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಹೊಸದಾಗಿ ಜಲ್ಲಿ ಹಾಸಿದ ಕಡೆ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರಿನ ವೇಗ ಸೂಚಿಸುವ ಫಲಕ ನಿಲ್ಲಿಸುತ್ತಾರೆ. ನ್ಯೂಜಿಲೆಂಡಿನಲ್ಲೂ ತಾತ್ಕಾಲಿಕ ವೇಗಮಿತಿ ಹಾಕಿ, ಜಲ್ಲಿ ಕೂತ ಮೇಲೆ ಸಡಿಲ ಉಳಿದದ್ದನ್ನು ಗುಡಿಸಿ ಒಯ್ಯುತ್ತಾರೆ. ನಮ್ಮ ನಿಯಮ ಪುಸ್ತಕದಲ್ಲೂ ಹೊಸ ಹೊದಿಕೆಯ ಮೇಲೆ ಮರುದಿನದವರೆಗೆ ವಾಹನ ಬಿಡಬಾರದು, ಅನಿವಾರ್ಯವಾಗಿ ಬಿಟ್ಟರೆ ವೇಗಕ್ಕೆ ಕಟ್ಟುನಿಟ್ಟಿನ ಕಡಿವಾಣ ಹಾಕಬೇಕು ಎಂದಿದೆ. ನಮ್ಮ ರಸ್ತೆಯಲ್ಲಿ ನಾನು ಕಂಡದ್ದು ಒಂದು ಖಾಲಿ ಡಾಂಬರು ಡ್ರಮ್ಮು, ಅದಕ್ಕೆ ಸಿಕ್ಕಿಸಿದ ಹಸಿ ಕೊಂಬೆ. ಅದಾದರೂ ಇತ್ತಲ್ಲ ಎಂದು ಆ ಕೊಂಬೆ ಇಟ್ಟ ಕೂಲಿಯವರಿಗೆ ಮನಸ್ಸಿನಲ್ಲೇ ವಂದಿಸಿದೆ.

ಮಾನ್ಯರೇ, ನನಗಾದರೂ ಸುತ್ತ ತಗಡಿದೆ, ಈಗ ತಗಡಿಗೆ ರಬ್ಬರೂ ಇದೆ. ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗಿನ ಜಾವ ಡೈರಿಗೆ ಬೈಕಿನಲ್ಲಿ ಹೋಗುವವರಿಗೆ ಏನಿದೆ? ತಿರುವಿನಲ್ಲಿ ತಾವು ಹರಡಿಕೊಂಡಿದ್ದರೆ ಮುಂದಿನ ಚಕ್ರ ಜಾರುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಮ್ಮೂರಿನ ಪಿಯುಸಿ ಓದುವ ಹುಡುಗಿಯೊಬ್ಬಳು ಅಣ್ಣನ ಹಿಂದೆ ಕೂತು ಬರುವಾಗ ಹಾಗೆ ಬಿದ್ದು ಮೊಣಕೈಗೆ ರಾಡು ಹಾಕಿಸಿಕೊಂಡಳು. ಗಾಯದಲ್ಲಿ ಹುದುಗಿದ್ದ ತಮ್ಮನ್ನು ನರ್ಸಮ್ಮ ಇಕ್ಕಳದಲ್ಲಿ ಒಂದೊಂದಾಗಿ ತೆಗೆದು ಟ್ರೇಗೆ ಹಾಕಿದಾಗ ಟಿಣ್ ಎಂದದ್ದನ್ನು ಅಲ್ಲಿ ನಿಂತು ಕೇಳಿದವನು ನಾನು. ಬಸ್‌ಸ್ಟಾಪಿನಲ್ಲಿ ನಿಂತ ಹೆಂಗಸರ ಕಾಲಿಗೆ, ಸೈಕಲ್ಲಿನ ಮಕ್ಕಳ ಮುಖಕ್ಕೆ ತಾವು ಹಾರುತ್ತೀರಿ. ಅವರ ಯಾರ ಮೈಗೂ ಡ್ಯಾಂಪಿಂಗ್ ಶೀಟು ಅಂಟಿಸಲು ಬರುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ತಾವು ದಯವಿಟ್ಟು ಡಾಂಬರಿನೊಳಗೆ ಹಿಂದಿರುಗಬೇಕು. ತಾವಾಗಿಯೇ ಹೋಗಲು ತಮಗೆ ಕಾಲಿಲ್ಲ ಎಂಬುದನ್ನು ಬಲ್ಲೆ. ಅದಕ್ಕೇ ಈ ಪತ್ರದ ಪ್ರತಿಯನ್ನು ರಸ್ತೆಯ ಉಸ್ತುವಾರಿ ಹೊತ್ತವರಿಗೂ, ತೇಪೆ ಹಾಕುವ ಗುತ್ತಿಗೆ ಹಿಡಿದವರಿಗೂ, ನಮ್ಮ ಗ್ರಾಮ ಪಂಚಾಯಿತಿಗೂ ಕಳಿಸುತ್ತಿದ್ದೇನೆ. ತಾವು ಹೆಚ್ಚು ಸೇರಿರುವ ತಿರುವುಗಳ ಫೋಟೋಗಳನ್ನು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಕಾಣುವ ಹಾಗೆ ತೆಗೆದು ಜೊತೆಗೆ ಇಟ್ಟಿದ್ದೇನೆ. ಕೇಳಿರುವುದು ಮೂರು ಕೆಲಸ: ಮುಂದಿನ ತೇಪೆಗೆ ಮುಂಚೆ ಜಲ್ಲಿಯನ್ನು ತೊಳೆದು ನೀರಿನ ಪರೀಕ್ಷೆ ಮಾಡುವುದು, ಹಾಕಿದ ಮೇಲೆ ರೋಲರು ಆಡಿಸಿ ಸಡಿಲ ಉಳಿದದ್ದನ್ನು ಗುಡಿಸಿ ಒಯ್ಯುವುದು, ಮಳೆ ಬರುವ ಮೊದಲು ರಸ್ತೆ ಬದಿಯ ಚರಂಡಿ ಬಿಡಿಸುವುದು. ಗುಡಿಸಲು ಆಳು ಸಾಲದಿದ್ದರೆ ನಮ್ಮ ಊರಿನ ಮುಂದಿನ ತಿರುವನ್ನು ಭಾನುವಾರ ನಾವೇ ಗುಡಿಸುತ್ತೇವೆ. ಪೊರಕೆ, ಬುಟ್ಟಿ, ಎರಡೂ ಕಡೆ ಕೆಂಪು ಬಾವುಟ ಹಿಡಿದು ನಿಲ್ಲುವ ಹುಡುಗರು ಸಿದ್ಧರಿದ್ದಾರೆ. ಗುಡಿಸಿದ ತಮ್ಮನ್ನು ಎಲ್ಲಿಗೆ ಒಯ್ದು ಹಾಕಬೇಕು ಎಂಬುದನ್ನು ಮಾತ್ರ ರಸ್ತೆಯ ಉಸ್ತುವಾರಿಯವರು ಲಿಖಿತವಾಗಿ ತಿಳಿಸಬೇಕಾಗಿ ಕೋರಿದ್ದೇನೆ.

ಇಂತಿ ತಮ್ಮ ವಿಧೇಯ,
ಸೊರಬ ತಾಲ್ಲೂಕಿನ ಒಬ್ಬ ಕಾರು ಚಾಲಕ